ನೀರುಗಂಟಿ ಎಂದೇ ಬರೆಯಲಿ: ಪದವಿ ಕಿರುಪ್ರಬಂಧದ ಕುರಿತು ಓದುಗರ ಪ್ರಶ್ನೆಗಳು, ಉತ್ತರಗಳು

ಪದವಿಯ ಕೊನೆಯ ಸೆಮಿಸ್ಟರಿನಲ್ಲಿ ಬರೆಯಬೇಕಾದ ಪ್ರಾಜೆಕ್ಟ್ ವರದಿ ಅಥವಾ ಕಿರುಪ್ರಬಂಧದ ಬಗ್ಗೆ ಈ ಅಂಕಣಕ್ಕೆ ಪತ್ರಗಳು ಬರುತ್ತಲೇ ಇವೆ. ವಿದ್ಯಾರ್ಥಿಗಳಿಗಿಂತ ಅವರ ಗೈಡ್ ಆಗಿರುವ ಅಧ್ಯಾಪಕರೇ ಹೆಚ್ಚಾಗಿ ಬರೆದಿರುವುದು ನನಗೆ ಆಶ್ಚರ್ಯವನ್ನೇನೂ ತರಲಿಲ್ಲ. ಪಾಠ ಮಾಡುವುದನ್ನು ನಾವು ನಮ್ಮ ಮೇಷ್ಟ್ರುಗಳನ್ನು ನೋಡಿ ಕಲಿತೆವು. ಒಬ್ಬ ಹುಡುಗನ ಪಕ್ಕದಲ್ಲಿ ಕೂತು ಅವನಿಂದ ನಲವತ್ತು ಪುಟ ಬರೆಸುವುದನ್ನು ಯಾರೂ ನಮಗೆ ತೋರಿಸಿಕೊಡಲಿಲ್ಲ. ಒಂದೇ ಬಗೆಯ ಪತ್ರಗಳನ್ನು ಒಟ್ಟಿಗೆ ಸೇರಿಸಿ, ಬರೆದವರ ಮತ್ತು ಕಾಲೇಜುಗಳ ಹೆಸರನ್ನು ಬಿಟ್ಟು, ಈ ಸಂಚಿಕೆಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಈ ವರ್ಷ ಮೊದಲ ಸಲ ಹದಿನಾಲ್ಕು ಬಿ.ಎ. ವಿದ್ಯಾರ್ಥಿಗಳನ್ನು ನನಗೆ ಒಪ್ಪಿಸಿದ್ದಾರೆ. ವಿಷಯ ಆರಿಸಿಕೊಂಡು ಬನ್ನಿ ಎಂದರೆ ‘ಮಹಿಳಾ ಸಬಲೀಕರಣ’, ‘ಗ್ಯಾರಂಟಿ ಯೋಜನೆಗಳು’, ‘ಭಾರತದಲ್ಲಿ ನಿರುದ್ಯೋಗ’ ಎಂದು ಬರೆದು ತರುತ್ತಾರೆ. ಬೇಡವೆಂದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ನಾನೇ ವಿಷಯ ಕೊಟ್ಟರೆ ಅದು ನನ್ನ ಕೆಲಸವಾಗಿಬಿಡುತ್ತದೆ. ಏನು ಮಾಡಲಿ? (ಹಾಸನ ಜಿಲ್ಲೆ)

ಉತ್ತರ: ಅವರು ತಂದಿರುವುದು ಪಾಠದ ಹೆಸರುಗಳನ್ನು. ವರ್ಷಗಟ್ಟಲೆ ಪಠ್ಯಪುಸ್ತಕದ ಅಧ್ಯಾಯಗಳನ್ನೇ ಓದಿಕೊಂಡು ಬಂದವರಿಗೆ ಪ್ರಬಂಧದ ವಿಷಯವೂ ಒಂದು ಅಧ್ಯಾಯದ ಹೆಸರಿನಂತೆಯೇ ಇರಬೇಕೆಂದು ತೋರುವುದು ಸಹಜ. ಹಾಗಾಗಿ ಅದನ್ನು ಹೊಡೆದುಹಾಕಬೇಡಿ. ಅದೇ ಹೆಸರನ್ನು ಹಿಡಿದುಕೊಂಡು ಅವರವರ ಊರಿಗೆ ಇಳಿಯಿರಿ. ‘ಗ್ಯಾರಂಟಿ ಯೋಜನೆಗಳು’ ಎಂದು ಬರೆದು ತಂದ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ‘ಶಕ್ತಿ ಯೋಜನೆ ಬಂದ ಮೇಲೆ ನಿಮ್ಮ ಮನೆಯಲ್ಲಿ ಏನು ಬದಲಾಯಿತಮ್ಮ?’ ಎಂದು ಕೇಳಿ ನೋಡಿ. 2023ರ ಜೂನ್ 11ರಂದು ಆರಂಭವಾದ ಆ ಯೋಜನೆಯಡಿ ರಾಜ್ಯದ ಮಹಿಳೆಯರು ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಗಡಿಯೊಳಗೆ ಹಣ ಕೊಡದೆ ಓಡಾಡಬಹುದೆಂಬುದನ್ನು ಅವಳು ಯಾವ ಪುಸ್ತಕವನ್ನೂ ನೋಡದೆ ಹೇಳುತ್ತಾಳೆ. ಅದರ ಬೆನ್ನಿಗೇ, ‘ಅಮ್ಮ ಮೊದಲು ಯಾವಾಗಲಾದರೊಮ್ಮೆ ಸಂತೆಗೆ ಹೋಗ್ತಿದ್ರು, ಈಗ ವಾರ ವಾರ ಹೋಗ್ತಾರೆ ಮೇಡಂ, ನಮ್ಮೂರಿನ ಅಂಗಡಿಯವರು ಅದಕ್ಕೇ ಬೈಕೋತಾರೆ’ ಎಂಬಂಥ ಒಂದು ಮಾತು ಹೊರಬಂದೇ ಬರುತ್ತದೆ. ನಿಮಗೆ ಬೇಕಾದ ಪ್ರಶ್ನೆ ಆ ಮಾತಿನೊಳಗಿದೆ.

ಈಗ ಅದನ್ನು ಬರೆಸಿ: ‘ನಮ್ಮೂರಿನಿಂದ ತಾಲ್ಲೂಕು ಕೇಂದ್ರದ ವಾರದ ಸಂತೆಗೆ ಹೋಗುವ ಹೆಂಗಸರ ಓಡಾಟ 2023ರ ಜೂನ್ ನಂತರ ಹೆಚ್ಚಾಗಿದೆಯೇ, ಹೆಚ್ಚಾಗಿದ್ದರೆ ಊರಿನ ಕಿರಾಣಿ ಅಂಗಡಿಯಲ್ಲಿ ಅವರು ಕೊಳ್ಳುವುದರಲ್ಲಿ ಏನು ವ್ಯತ್ಯಾಸವಾಗಿದೆ?’ ಇದಕ್ಕೆ ಉತ್ತರ ಹುಡುಕಲು ಅವಳು ಎಲ್ಲಿಗೆ ಹೋಗಬೇಕು, ಯಾರನ್ನು ಮಾತನಾಡಿಸಬೇಕು, ಏನನ್ನು ಲೆಕ್ಕ ಹಾಕಬೇಕು ಎಂಬುದೆಲ್ಲ ಪ್ರಶ್ನೆಯಲ್ಲಿಯೇ ಕಾಣುತ್ತದೆ. ಮೂವತ್ತು ಮನೆಗಳ ಹೆಂಗಸರು, ಊರಿನ ಎರಡು ಮೂರು ಅಂಗಡಿಗಳು, ಆ ದಾರಿಯಲ್ಲಿ ಓಡಾಡುವ ಬಸ್ಸಿನ ವೇಳಾಪಟ್ಟಿ, ಇಷ್ಟಾದರೆ ಸಾಮಗ್ರಿ ಸಾಕು.

ತೊಡಕುಗಳೂ ಇಲ್ಲಿಯೇ ಶುರುವಾಗುತ್ತವೆ, ಮತ್ತು ವಿದ್ಯಾರ್ಥಿ ನಿಜವಾಗಿ ಕಲಿಯುವುದು ಈ ತೊಡಕುಗಳಿಂದಲೇ. 2022ರಲ್ಲಿ ತಿಂಗಳಿಗೆ ಎಷ್ಟು ಸಲ ಸಂತೆಗೆ ಹೋಗುತ್ತಿದ್ದಿರಿ ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ; ಕೇಳುವವಳಿಗೆ ಬೇಸರವಾಗಬಾರದೆಂದು ಬಾಯಿಗೆ ಬಂದ ಒಂದು ಸಂಖ್ಯೆಯನ್ನು ಹೇಳಿಬಿಡುತ್ತಾರೆ. ‘ದೊಡ್ಡ ಮಗಳ ಮದುವೆಗೆ ಮುಂಚೆ’, ‘ಕೊರೊನಾ ಕಳೆದ ವರ್ಷದ ಯುಗಾದಿಯಲ್ಲಿ’ ಎಂದು ಅವರ ಬದುಕಿನ ಘಟನೆಗಳಿಗೆ ಕಟ್ಟಿ ಕೇಳಿದರೆ ನೆನಪು ಸ್ವಲ್ಪ ಗಟ್ಟಿಯಾಗುತ್ತದೆ. ಅಂಗಡಿಯವರ ಬಳಿ ಉದ್ರಿ ಪುಸ್ತಕವಿರುತ್ತದೆ. ಅವರು ಒಪ್ಪಿ ತೋರಿಸಿದರೆ, ಯಾರ ಹೆಸರನ್ನೂ ಬರೆದುಕೊಳ್ಳದೆ ತಿಂಗಳ ಮೊತ್ತವನ್ನಷ್ಟೇ ನೋಡಬಹುದು. ಆದರೆ ಅಂಗಡಿಯ ವ್ಯಾಪಾರ ಇಳಿದದ್ದು ಬಸ್ಸಿನಿಂದಲೋ, ಪಕ್ಕದಲ್ಲಿ ಹೊಸ ಅಂಗಡಿ ಆದದ್ದರಿಂದಲೋ ಎಂಬುದನ್ನು ಹೇಗೆ ತಿಳಿಯುವುದು? ಸರ್ಕಾರಿ ಬಸ್ಸೇ ಬಾರದ ಇನ್ನೊಂದು ಊರನ್ನು ಜೊತೆಗೆ ಇಟ್ಟು ನೋಡಬಹುದು. ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ಉಡುಪಿ, ದಕ್ಷಿಣ ಕನ್ನಡದ ಅಧ್ಯಾಪಕರಿಗೆ ಅಂಥ ಊರನ್ನು ಹುಡುಕುವುದು ನಿಮಗಿಂತ ಸುಲಭ. ಇಷ್ಟೆಲ್ಲ ಆದ ಮೇಲೂ ಮೂವತ್ತು ಮನೆಗಳ ಮಾತಿನಿಂದ ಇಡೀ ಕರ್ನಾಟಕದ ಬಗ್ಗೆ ಏನನ್ನೂ ಹೇಳಲಾಗುವುದಿಲ್ಲವೆಂಬುದನ್ನು ವಿದ್ಯಾರ್ಥಿನಿ ತನ್ನ ಕೈಯಾರೆ ಬರೆಯಬೇಕು. ಊರಿನ ಹೆಸರು ಮತ್ತು ವರ್ಷ ಶೀರ್ಷಿಕೆಯಲ್ಲಿಯೇ ಇರಲಿ.

ಉಳಿದ ಎರಡು ಶೀರ್ಷಿಕೆಗಳೂ ಹೀಗೆಯೇ ಇಳಿಯುತ್ತವೆ. ‘ನಿರುದ್ಯೋಗ’ ಎಂದವನು ನಿಮ್ಮದೇ ಕಾಲೇಜಿನಿಂದ ಮೂರು ವರ್ಷದ ಹಿಂದೆ ಹೊರಹೋದ ಒಂದು ತರಗತಿಯವರೆಲ್ಲ ಈಗ ಏನು ಮಾಡುತ್ತಿದ್ದಾರೆಂದು ವಿಚಾರಿಸಲಿ. ಫೋನ್ ಎತ್ತದವರು ಎಷ್ಟು ಮಂದಿ ಎಂಬುದನ್ನೂ ಲೆಕ್ಕದಲ್ಲಿ ಸೇರಿಸಲಿ, ಏಕೆಂದರೆ ಕೆಲಸವಿಲ್ಲದವರು ಫೋನ್ ಎತ್ತಲು ಹಿಂಜರಿಯುವುದುಂಟು. ‘ಸಬಲೀಕರಣ’ ಎಂದವಳು ಒಂದೇ ಒಂದು ಸ್ತ್ರೀಶಕ್ತಿ ಗುಂಪಿನ ಸಾಲದ ಪುಸ್ತಕವನ್ನು ಗುಂಪಿನವರ ಒಪ್ಪಿಗೆ ಪಡೆದು ನೋಡಲಿ. ಆ ಯೋಜನೆ 2000-01ರಲ್ಲಿ ಆರಂಭವಾದದ್ದರಿಂದ ಕೆಲವು ಗುಂಪುಗಳಲ್ಲಿ ಇಪ್ಪತ್ತು ವರ್ಷಗಳ ಲೆಕ್ಕ ಸಿಗಬಹುದು. ಸಾಲ ತೆಗೆದುಕೊಂಡದ್ದು ಹಸುವಿಗೋ, ಆಸ್ಪತ್ರೆಗೋ, ಮಗನ ಬೈಕಿಗೋ ಎಂಬುದರಲ್ಲಿ ಪಠ್ಯಪುಸ್ತಕದಲ್ಲಿಲ್ಲದ ಅರ್ಥಶಾಸ್ತ್ರವಿದೆ.

ಹದಿನಾಲ್ಕು ಜನರನ್ನು ಒಬ್ಬೊಬ್ಬರಾಗಿ ವಾರ ವಾರ ನೋಡಲು ನಿಮಗೆ ಸಾಧ್ಯವಿಲ್ಲ, ಅದರಲ್ಲೂ ಅತಿಥಿ ಉಪನ್ಯಾಸಕರ ವೇಳಾಪಟ್ಟಿಯಲ್ಲಿ. ಐದೈದು ಮಂದಿಯ ಗುಂಪು ಮಾಡಿ. ಒಬ್ಬರು ಬರೆದ ಒಂದು ಪುಟವನ್ನು ಉಳಿದ ನಾಲ್ವರ ಮುಂದೆ ಗಟ್ಟಿಯಾಗಿ ಓದಿಸಿ. ನೀವು ಕೇಳಬೇಕೆಂದಿದ್ದ ಪ್ರಶ್ನೆಗಳಲ್ಲಿ ಅರ್ಧವನ್ನು ಗೆಳೆಯರೇ ಕೇಳಿಬಿಡುತ್ತಾರೆ. ಇನ್ನೊಂದು ಮಾತು: ಸೆಮಿಸ್ಟರ್ ಎಂದರೆ ಹದಿನಾರು ವಾರವೆಂದು ಕಾಗದದಲ್ಲಿ ಇರುತ್ತದೆ, ಇಂಟರ್ನಲ್ಸ್, ಕ್ರೀಡಾಕೂಟ, ವಾರ್ಷಿಕೋತ್ಸವ, ಹಬ್ಬಗಳನ್ನು ಕಳೆದರೆ ಹನ್ನೊಂದೋ ಹನ್ನೆರಡೋ ಉಳಿಯುತ್ತವೆ. ಮೊದಲ ಬರವಣಿಗೆ ಎರಡನೆಯ ವಾರದಲ್ಲಿಯೇ ನಿಮ್ಮ ಕೈಗೆ ಬರಲಿ, ಅದು ಎಷ್ಟೇ ಹಸಿಯಾಗಿದ್ದರೂ ಸರಿ.

ಪ್ರಶ್ನೆ: ನಾನು ಬಿ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಗೈಡ್ ಸರ್ ಯಾವಾಗ ಕೇಳಿದರೂ ‘ಬರ್ಕೊಂಡು ಬಾ, ನೋಡೋಣ’ ಎನ್ನುತ್ತಾರೆ. ಏನು ಬರೆಯಬೇಕೆಂದು ಗೊತ್ತಿದ್ದರೆ ನಾನು ಅವರನ್ನು ಕೇಳುತ್ತಿರಲಿಲ್ಲ. (ದಾವಣಗೆರೆ)

ಉತ್ತರ: ಅವರ ಮಾತನ್ನು ಅಕ್ಷರಶಃ ತೆಗೆದುಕೊಳ್ಳಿ. ಒಂದೇ ಒಂದು ಪುಟ ಬರೆಯಿರಿ: ನಿಮ್ಮ ಪ್ರಶ್ನೆ ಏನು, ಅದಕ್ಕೆ ಉತ್ತರ ಸಿಗಲು ಯಾವ ಪ್ರಯೋಗ ಅಥವಾ ಅಳತೆ ಮಾಡಬೇಕೆಂದುಕೊಂಡಿದ್ದೀರಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ. ಅದರ ಕೆಳಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಎರಡು ಪ್ರಶ್ನೆಗಳನ್ನು ಬರೆದು, ಅವರು ಸ್ಟಾಫ್ ರೂಮಿನಲ್ಲಿ ಕೂತಿರುವಾಗ ಕೈಗೆ ಕೊಡಿ. ‘ಏನು ಮಾಡಲಿ ಸರ್?’ ಎಂಬ ಪ್ರಶ್ನೆಗೆ ಉತ್ತರಿಸಲು ಅರ್ಧ ಗಂಟೆ ಬೇಕು. ‘ಮಾದರಿಗಳನ್ನು ಕೆರೆಯ ಮೂರು ಕಡೆಯಿಂದ ತೆಗೆದರೆ ಸಾಕೇ ಸರ್?’ ಎಂಬುದಕ್ಕೆ ಒಂದು ನಿಮಿಷ ಸಾಕು. ಭೇಟಿ ಮುಗಿದ ಸಂಜೆಯೇ ‘ತಾವು ಇಂದು ಹೀಗೆ ತಿಳಿಸಿದಿರಿ, ಮುಂದಿನ ವಾರ ಇಷ್ಟು ಮಾಡುತ್ತೇನೆ’ ಎಂದು ನಾಲ್ಕು ಸಾಲು ಕಳುಹಿಸಿ ಇಟ್ಟುಕೊಳ್ಳಿ. ಮೂರು ಸಲ ಹೀಗೆ ಮಾಡಿಯೂ ಉತ್ತರವೇ ಬಾರದಿದ್ದರೆ, ಆ ದಿನಾಂಕಗಳನ್ನು ಹಿಡಿದುಕೊಂಡು ವಿಭಾಗದ ಮುಖ್ಯಸ್ಥರನ್ನು ಕಾಣಿರಿ. ಆಗ ನಿಮ್ಮದು ಬರಿಯ ದೂರಾಗಿ ಕೇಳಿಸುವುದಿಲ್ಲ.

ಪ್ರಶ್ನೆ: ನಮ್ಮದು ಕನ್ನಡ ಮಾಧ್ಯಮದ ಸಮಾಜಶಾಸ್ತ್ರ ವಿಭಾಗ. ಓದಬೇಕಾದ ಲೇಖನಗಳು ಇಂಗ್ಲಿಷಿನಲ್ಲಿರುತ್ತವೆ. ವಿದ್ಯಾರ್ಥಿಗಳು ಅವನ್ನು ಮೊಬೈಲಿನಲ್ಲಿ ಅನುವಾದಿಸಿ ಹಾಗೆಯೇ ಅಂಟಿಸಿ ತರುತ್ತಾರೆ. ಓದಿದರೆ ಅದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. (ಕಲಬುರಗಿ)

ಉತ್ತರ: ಅನುವಾದದ ಯಂತ್ರವನ್ನು ಓದಿಗಾಗಿ ಬಳಸಿದರೆ ನನ್ನ ತಕರಾರಿಲ್ಲ. ಇಂಗ್ಲಿಷಿನ ಇಪ್ಪತ್ತು ಪುಟವನ್ನು ಮುಟ್ಟಲೂ ಹೆದರುತ್ತಿದ್ದ ಹುಡುಗ ಅದರ ಸಹಾಯದಿಂದ ಅದರಲ್ಲೇನಿದೆಯೆಂದು ತಿಳಿದುಕೊಂಡರೆ ಒಳ್ಳೆಯದೇ. ತಿಳಿದುಕೊಂಡ ಮೇಲೆ ಮೊಬೈಲನ್ನು ಮಗುಚಿ ಇಡಿಸಿ, ‘ಇದರಲ್ಲಿ ಏನು ಹೇಳಿದ್ದಾರಪ್ಪ, ನನಗೆ ಹೇಳು’ ಎನ್ನಿ. ಅವನು ಬಾಯಲ್ಲಿ ಹೇಳುವ ನಾಲ್ಕು ವಾಕ್ಯಗಳನ್ನು ಅಲ್ಲಿಯೇ ಬರೆಸಿ, ಕೊನೆಗೆ ಯಾರ ಲೇಖನ, ಯಾವ ವರ್ಷ, ಯಾವ ಪುಟ ಎಂಬುದನ್ನು ಸೇರಿಸಿಸಿ. ಆ ನಾಲ್ಕು ವಾಕ್ಯಗಳು ಯಂತ್ರದ ನಲವತ್ತು ವಾಕ್ಯಗಳಿಗಿಂತ ಮೇಲು.

ನಿಮ್ಮ ಭಾಗದ ಒಂದು ಪದವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಳೆ ಕೈಕೊಟ್ಟ ವರ್ಷ, ಅಥವಾ ಸುಗ್ಗಿ ಮುಗಿದ ಮೇಲೆ, ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಮುಂಬೈಗೋ ದುಡಿಯಲು ಹೋಗಿ ಮತ್ತೆ ಊರಿಗೆ ಮರಳುವುದನ್ನು ನಿಮ್ಮ ಕಡೆ ‘ಗುಳೆ’ ಎನ್ನುತ್ತಾರೆ. ಯಂತ್ರ ಎಲ್ಲವನ್ನೂ ‘ವಲಸೆ’ ಮಾಡಿಬಿಡುತ್ತದೆ. ಅಮೆರಿಕಕ್ಕೆ ಹೋಗಿ ನೆಲೆಸಿದ ಇಂಜಿನಿಯರದ್ದೂ ವಲಸೆ, ಮೂರು ತಿಂಗಳು ಇಟ್ಟಿಗೆ ಹೊತ್ತು ಬರುವ ಕುಟುಂಬದ್ದೂ ವಲಸೆ. ಗುಳೆ ಹೋಗುವ ಮನೆಯಿಂದ ಬಂದ ವಿದ್ಯಾರ್ಥಿಗೆ ಈ ಎರಡರ ವ್ಯತ್ಯಾಸ ಯಾವ ಪುಸ್ತಕವೂ ಹೇಳದಷ್ಟು ಚೆನ್ನಾಗಿ ಗೊತ್ತಿರುತ್ತದೆ, ಆದರೆ ಪ್ರಬಂಧದಲ್ಲಿ ಆ ಪದ ಬರೆಯಬಾರದೇನೋ ಎಂದು ಅಂಜುತ್ತಾನೆ. ಬರೆಯಬಹುದು, ಬರೆಯಲೇಬೇಕು ಎಂದು ಹೇಳುವುದು ನಿಮ್ಮ ಕೆಲಸ. ಮೊದಲ ಸಲ ಬಳಸುವಾಗ ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ವಿವರಿಸಿದರೆ ಸಾಕು. ಇಂಗ್ಲಿಷಿನ ಪಾರಿಭಾಷಿಕ ಪದಗಳಿಗೆ ಪ್ರಬಂಧದ ಕೊನೆಯಲ್ಲಿ ಒಂದು ಪದಪಟ್ಟಿ ಇರಲಿ. ಒಂದೇ ಪದಕ್ಕೆ ಎರಡನೆಯ ಅಧ್ಯಾಯದಲ್ಲಿ ಒಂದು ಕನ್ನಡ, ನಾಲ್ಕನೆಯ ಅಧ್ಯಾಯದಲ್ಲಿ ಇನ್ನೊಂದು ಕನ್ನಡ ಬಾರದಂತೆ ಅದು ಕಾಯುತ್ತದೆ.

ಕನ್ನಡದಲ್ಲಿ ಆಕರಗಳೇ ಇಲ್ಲವೆಂಬ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಜಿಲ್ಲಾ ಗ್ಯಾಸೆಟಿಯರ್‌ಗಳಿವೆ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳಿವೆ. ಇತಿಹಾಸದವರಿಗೆ ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಮ್ಮ ತಾಲ್ಲೂಕಿನ ಶಾಸನಗಳ ಪಾಠವೇ ಸಿಗುತ್ತದೆ. ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾ ಜಾಲತಾಣದಲ್ಲಿ ಕನ್ನಡದಲ್ಲಿ ಬರೆದ ಪಿಎಚ್‌.ಡಿ. ಮಹಾಪ್ರಬಂಧಗಳೂ ಇವೆ, ಆದರೆ ಅವುಗಳಿಂದ ಅಧ್ಯಯನ ವಿಧಾನದ ಅಧ್ಯಾಯವನ್ನೂ ಗ್ರಂಥಸೂಚಿಯನ್ನೂ ಓದಿಸಿ, ಉಳಿದದ್ದನ್ನು ಆಮೇಲೆ ನೋಡಿದರಾಯಿತು. ಎಲ್ಲವನ್ನೂ ಮೊದಲೇ ಓದಿದ ವಿದ್ಯಾರ್ಥಿ ಅದೇ ಧಾಟಿಯಲ್ಲಿ ಬರೆಯಲು ಹೊರಡುತ್ತಾನೆ. ಊರಿನ ಜನಸಂಖ್ಯೆ, ಮನೆಗಳ ಸಂಖ್ಯೆ 2011ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿರುತ್ತವೆ. ಅವನ್ನು ಬಳಸುವಾಗ 2011ರದ್ದೆಂದು ಸ್ಪಷ್ಟವಾಗಿ ಬರೆಯಬೇಕೇ ಹೊರತು ‘ಈಗಿನ ಜನಸಂಖ್ಯೆ’ ಎಂದಲ್ಲ.

ಪ್ರಶ್ನೆ: ವಿದ್ಯಾರ್ಥಿಗಳ ವರದಿಗಳನ್ನು ಕೃತಿಚೌರ್ಯ ಪತ್ತೆಯ ತಂತ್ರಾಂಶದಲ್ಲಿ ಹಾಕಿ ನೋಡಿದೆವು. ಒಬ್ಬಳಿಗೆ ಶೇ. 38 ಸಾಮ್ಯ ಬಂತು, ಒಬ್ಬನಿಗೆ ಶೇ. 2. ಶೇ. 38 ಬಂದವಳು ವರ್ಷವಿಡೀ ದುಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ, ಶೇ. 2 ಬಂದವನ ಮುಖವನ್ನೇ ಸೆಮಿಸ್ಟರಿನಲ್ಲಿ ಎರಡು ಸಲ ನೋಡಿದ್ದು. ಹುಡುಗಿ ಅಳುತ್ತಿದ್ದಾಳೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಏನು ಹೇಳುತ್ತದೆ? (ಶಿವಮೊಗ್ಗ)

ಉತ್ತರ: ಮೊದಲು ನಿಯಮವನ್ನು ನೋಡೋಣ. ಯುಜಿಸಿಯ 2018ರ ನಿಯಮಾವಳಿ ಸಾಮ್ಯವನ್ನು ನಾಲ್ಕು ಹಂತಗಳಲ್ಲಿ ನೋಡುತ್ತದೆ: ಶೇ. 10ರವರೆಗೆ ದಂಡವಿಲ್ಲ, ಶೇ. 10ಕ್ಕಿಂತ ಹೆಚ್ಚಿ 40ರವರೆಗೆ ಇದ್ದರೆ ನಿಗದಿತ ಅವಧಿಯಲ್ಲಿ, ಹೆಚ್ಚೆಂದರೆ ಆರು ತಿಂಗಳೊಳಗೆ, ತಿದ್ದಿ ಕೊಡಬೇಕು. 40ರಿಂದ 60ರವರೆಗೆ ಒಂದು ವರ್ಷ ತಿದ್ದಿದ ಪ್ರತಿಯನ್ನು ಸಲ್ಲಿಸುವಂತಿಲ್ಲ. ಅದಕ್ಕೂ ಮೇಲಾದರೆ ನೋಂದಣಿಯೇ ರದ್ದು. ಆದರೆ ಸಿಬ್ಬಂದಿ ಕೊಠಡಿಗಳಲ್ಲಿ ಈ ಸಂಖ್ಯೆಗಳನ್ನು ಹೇಳುವವರು ಅದೇ ನಿಯಮಾವಳಿಯ ಆರಂಭದ ವ್ಯಾಖ್ಯಾನವನ್ನು ಓದಿರುವುದಿಲ್ಲ. ಅದು ಸ್ನಾತಕೋತ್ತರ ಹಾಗೂ ಸಂಶೋಧನಾ ಪದವಿಗಳ ಪ್ರಬಂಧಗಳಿಗೆ ಮತ್ತು ಪ್ರಕಟಣೆಗಳಿಗೆ ಸಂಬಂಧಿಸಿದ್ದು. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆ ಮೊದಲಾದವನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಹಾಗೆಂದು ಪದವಿ ವಿದ್ಯಾರ್ಥಿ ನಕಲು ಮಾಡಬಹುದೆಂದಲ್ಲ. ನಿಮ್ಮ ವಿಶ್ವವಿದ್ಯಾಲಯ ಅಥವಾ ಕಾಲೇಜು ತನ್ನದೇ ನಿಯಮ ಮಾಡಿಕೊಂಡಿರಬಹುದು, ಅದನ್ನು ಓದಿ. ಆದರೆ ‘ಯುಜಿಸಿ ಪ್ರಕಾರ ನಿನ್ನ ನೋಂದಣಿ ಹೋಗುತ್ತದೆ’ ಎಂದು ಆ ಹುಡುಗಿಯನ್ನು ಯಾರಾದರೂ ಹೆದರಿಸಿದ್ದರೆ ಅದು ತಪ್ಪು.

ಇನ್ನು ಶೇ. 38. ವರದಿಯಲ್ಲಿ ಬಣ್ಣ ಬಳಿದು ತೋರಿಸಿದ ಭಾಗಗಳನ್ನು ಅವಳೊಂದಿಗೆ ಕೂತು ಒಂದೊಂದಾಗಿ ನೋಡಿ. ಆಕರ ತೋರಿಸಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಾಠ, ಸಾಮಾನ್ಯ ಬಳಕೆಯ ಪದಗಳು, ಸತತವಾಗಿ 14 ಪದಗಳವರೆಗಿನ ಕಾಕತಾಳೀಯ ಹೋಲಿಕೆ, ಇವನ್ನೆಲ್ಲ ಆ ನಿಯಮಾವಳಿಯೇ ಲೆಕ್ಕದಿಂದ ಬಿಡಲು ಹೇಳುತ್ತದೆ. ತಂತ್ರಾಂಶದಲ್ಲಿ ಆ ಆಯ್ಕೆಗಳನ್ನು ಒತ್ತದೆ ಓಡಿಸಿದರೆ ಎಲ್ಲವೂ ಸೇರಿಕೊಳ್ಳುತ್ತವೆ. ಕಾಲೇಜಿನವರೆಲ್ಲ ಒಂದೇ ಪ್ರಮಾಣಪತ್ರದ ನಮೂನೆಯನ್ನೂ ಒಂದೇ ಪ್ರಶ್ನಾವಳಿಯನ್ನೂ ಬಳಸಿದ್ದರೆ ಅದೂ ಸೇರುತ್ತದೆ. ಅವನ್ನು ತೆಗೆದ ಮೇಲೂ ಎರಡು ಪುಟ ಉಳಿದರೆ, ಅವನ್ನು ಅವಳ ಮಾತಿನಲ್ಲಿ ಮತ್ತೆ ಬರೆಸಿ.

ಶೇ. 2ರ ಹುಡುಗನ ಕಡತವನ್ನು ತೆರೆದು, ಯಾವ ಅಕ್ಷರದಲ್ಲಿ ಟೈಪ್ ಆಗಿದೆ ನೋಡಿ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದರೆ, ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವುದು ಒಳಗೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕೂತಿರುತ್ತದೆ. ತಂತ್ರಾಂಶಕ್ಕೆ ಅದರಲ್ಲಿ ಹೋಲಿಸಲು ಏನೂ ಸಿಗುವುದಿಲ್ಲ. ಪುಟಗಳನ್ನು ಸ್ಕ್ಯಾನ್ ಮಾಡಿ ಕೊಟ್ಟಿದ್ದರೂ ಇದೇ ಕತೆ. ಯೂನಿಕೋಡಿಗೆ ಬದಲಿಸಿ ಕೊಡು ಎಂದು ಕೇಳಿ, ಮತ್ತೆ ಓಡಿಸಿ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದಾನೋ ಎಂಬ ಅನುಮಾನಕ್ಕೆ ಮಾತ್ರ ಯಾವ ಶೇಕಡಾವಾರೂ ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಕ್ಷೇತ್ರಕಾರ್ಯದ ನೋಟ್‌ಬುಕ್, ತುಂಬಿದ ಪ್ರಶ್ನಾವಳಿಗಳು, ಹೊಡೆದುಹಾಕಿದ ಮೊದಲ ಕರಡು, ಇವನ್ನು ತಂದು ಮೇಜಿನ ಮೇಲೆ ಇಡು ಎನ್ನಿ. ಇಟ್ಟರೆ ಅನುಮಾನ ಬಿಡಿ.

ಪ್ರಶ್ನೆ: ನನ್ನ ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಗೆಳೆಯರು ನಾಲ್ವರು ಸೇರಿ ಬೆಂಗಳೂರಿನಲ್ಲಿ ಪ್ರಾಜೆಕ್ಟ್ ಮಾಡಿಸಿಕೊಳ್ಳುತ್ತಾರಂತೆ, ತನ್ನ ಪಾಲಿನ ಹಣ ಕೊಡಿ ಎನ್ನುತ್ತಾನೆ. ಎಲ್ಲರೂ ಹಾಗೆಯೇ ಮಾಡುವುದಂತೆ. ಕೊಡದಿದ್ದರೆ ಮಗ ಹಿಂದೆ ಬೀಳುತ್ತಾನೆಂಬ ಭಯ. (ತುಮಕೂರು)

ಉತ್ತರ: ಹಣ ಯಾವುದಕ್ಕೆಂದು ಬಿಡಿಸಿ ಕೇಳಿ. ಸೆನ್ಸರ್, ಸರ್ಕ್ಯೂಟ್ ಬೋರ್ಡ್, ಮೋಟಾರು ಕೊಳ್ಳಲು ಎಸ್.ಪಿ. ರಸ್ತೆಗೆ ಹೋಗುತ್ತೇವೆಂದರೆ ಸಂತೋಷವಾಗಿ ಕೊಡಿ. ಬಿಡಿಭಾಗಗಳನ್ನು ಯಾರೂ ಮನೆಯಲ್ಲಿ ಬೆಳೆಯುವುದಿಲ್ಲ. ಮಾಡಿಟ್ಟ ಯಂತ್ರವನ್ನೂ ಬರೆದಿಟ್ಟ ವರದಿಯನ್ನೂ ಒಟ್ಟಿಗೆ ತರುತ್ತೇವೆಂದರೆ ಕೊಡಬೇಡಿ. ಕೆಲಸದ ಸಂದರ್ಶನದಲ್ಲಿ ಹೊಸಬರನ್ನು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು ‘ನಿಮ್ಮ ಪ್ರಾಜೆಕ್ಟಿನಲ್ಲಿ ನೀವು ಮಾಡಿದ ಭಾಗ ಯಾವುದು?’ ಎಂಬುದು ಎಂದು ಅವನಿಗೆ ನೆನಪಿಸಿ. ಹಣವೇ ಅಡ್ಡಿಯಾಗಿದ್ದರೆ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೊನೆಯ ವರ್ಷದ ಇಂಜಿನಿಯರಿಂಗ್ ಪ್ರಾಜೆಕ್ಟುಗಳಿಗೆ ದಶಕಗಳಿಂದ ನೆರವು ಕೊಡುತ್ತಿದೆ. ಕಾಲೇಜಿನ ಮೂಲಕ ಪ್ರಸ್ತಾವ ಕಳುಹಿಸಬೇಕು. ಅರ್ಜಿ ಆಯ್ಕೆಯಾಗದಿದ್ದರೂ, ತಮ್ಮ ಕೆಲಸವನ್ನು ನಾಲ್ಕು ಪುಟಗಳಲ್ಲಿ ಬರೆದು ಒಪ್ಪಿಸುವ ಅಭ್ಯಾಸ ಆ ನಾಲ್ವರಿಗೂ ಆಗುತ್ತದೆ.

ಪ್ರಶ್ನೆ: ನಾಲ್ಕು ವರ್ಷದ ಆನರ್ಸ್ ಪದವಿಯಲ್ಲಿ ಸಂಶೋಧನಾ ಪ್ರಬಂಧ ಇದೆ ಎನ್ನುತ್ತಾರೆ, ನಮ್ಮ ರಾಜ್ಯದಲ್ಲಿ ಅದು ಹೋಯಿತು ಎಂದೂ ಹೇಳುತ್ತಾರೆ. ಯಾವುದು ನಿಜ? (ಮೈಸೂರು)

ಉತ್ತರ: ಎರಡೂ ನಿಜ. ಯುಜಿಸಿಯ 2022ರ ಪಠ್ಯಕ್ರಮ ಚೌಕಟ್ಟಿನಲ್ಲಿ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಮತ್ತು ಅದಕ್ಕಿಂತ ಹೆಚ್ಚು ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆಯನ್ನು ಆರಿಸಿಕೊಂಡು 12 ಕ್ರೆಡಿಟ್‌ಗಳ ಪ್ರಬಂಧ ಬರೆಯಬಹುದು. ಕರ್ನಾಟಕವು 2021-22ರಲ್ಲಿ ಆರಂಭಿಸಿದ್ದ ನಾಲ್ಕು ವರ್ಷದ ವ್ಯವಸ್ಥೆಯನ್ನು ಬಿಟ್ಟು, 2024-25ರಲ್ಲಿ ಸೇರಿದವರಿಂದ ಮತ್ತೆ ಮೂರು ವರ್ಷದ ಪದವಿಗೆ ಬಂತು. ನಡುವಿನ ವರ್ಷಗಳಲ್ಲಿ ಸೇರಿದವರಿಗೆ ನಾಲ್ಕನೆಯ ವರ್ಷದ ಅವಕಾಶ ಉಳಿಯಿತು. ನಿಮ್ಮ ವಿದ್ಯಾರ್ಥಿ ಸೇರಿದ ವರ್ಷದ ಪಠ್ಯಕ್ರಮವೇ ಅವನಿಗೆ ಅನ್ವಯಿಸುತ್ತದೆ.

ಪ್ರಶ್ನೆ: ವಿದ್ಯಾರ್ಥಿಗಳ ಬರವಣಿಗೆಯನ್ನು ಎಷ್ಟರ ಮಟ್ಟಿಗೆ ತಿದ್ದಬಹುದು? ನಾನು ತಿದ್ದುತ್ತಾ ಹೋದರೆ ಕೊನೆಗೆ ಅದು ನನ್ನದೇ ಬರವಣಿಗೆಯಾಗುತ್ತದೆ. ತಿದ್ದದಿದ್ದರೆ ಹೊರಗಿನ ಪರೀಕ್ಷಕರ ಮುಂದೆ ನಮ್ಮ ವಿಭಾಗದ ಮರ್ಯಾದೆ ಹೋಗುತ್ತದೆ. ಸಹೋದ್ಯೋಗಿಗಳು ಪೂರ್ತಿ ಬರೆದುಕೊಡುತ್ತಾರೆ, ಅವರ ವಿದ್ಯಾರ್ಥಿಗಳಿಗೇ ಹೆಚ್ಚು ಅಂಕ ಬರುತ್ತದೆ. (ಮಂಡ್ಯ)

ಉತ್ತರ: ಈ ಪ್ರಶ್ನೆಗೆ ನನ್ನದೇ ಒಂದು ತಪ್ಪಿನಿಂದ ಉತ್ತರಿಸುತ್ತೇನೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿ ತನ್ನೂರಿನ ಕೆರೆಯ ನೀರು ಹಂಚಿಕೆಯ ಬಗ್ಗೆ ಕಿರುಪ್ರಬಂಧ ಬರೆದ. ವಾಕ್ಯಗಳು ಒಡ್ಡೊಡ್ಡಾಗಿದ್ದವು, ಆದರೆ ವಿಷಯ ಗಟ್ಟಿಯಾಗಿತ್ತು. ಎರಡನೆಯ ಅಧ್ಯಾಯವನ್ನು ಒಂದು ಭಾನುವಾರ ಕೂತು ನಾನೇ ತಿರುಗಿ ಬರೆದೆ. ಅವನ ‘ತೂಬು’ ನನ್ನ ಕೈಯಲ್ಲಿ ‘ಜಲ ನಿರ್ಗಮನ ದ್ವಾರ’ವಾಯಿತು, ‘ನೀರುಗಂಟಿ’ ಎಂದಿದ್ದಲ್ಲಿ ‘ಜಲ ನಿರ್ವಾಹಕ’ ಎಂದು ಬರೆದೆ. ವೈವಾದಲ್ಲಿ ಪರೀಕ್ಷಕರು ಅದೇ ಪುಟ ತೆರೆದು, ‘ಜಲ ನಿರ್ವಾಹಕ ಎಂದರೆ ಯಾರು?’ ಎಂದು ಕೇಳಿದರು. ಹುಡುಗ ನನ್ನ ಮುಖ ನೋಡಿದ. ಅವನ ತಾತ ಆ ಊರಿನ ನೀರುಗಂಟಿಯಾಗಿದ್ದವರು. ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಬಿಡಬೇಕೆಂಬುದನ್ನು ಅವರ ಜೊತೆ ಏರಿಯ ಮೇಲೆ ನಡೆದೇ ಅವನು ಕಲಿತಿದ್ದ. ತನ್ನ ತಾತನ ಕೆಲಸದ ಬಗ್ಗೆ ಕೇಳಿದ ಪ್ರಶ್ನೆಗೆ ಅವನಿಗೆ ಉತ್ತರ ಹೇಳಲಾಗದಂತೆ ಮಾಡಿದವನು ನಾನು.

ಅಂದಿನಿಂದ ನಾನು ಪೆನ್ಸಿಲ್ ಮಾತ್ರ ಹಿಡಿದೆ. ಅದರಲ್ಲಿ ಮೂರೇ ಗುರುತುಗಳು: ಅರ್ಥವಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ, ‘ಇದು ನಿನಗೆ ಹೇಗೆ ಗೊತ್ತು?’ ಎಂದು ಕೇಳಬೇಕಾದಲ್ಲಿ ಅಲೆಗೆರೆ, ಇನ್ನೂ ಬೇಕು ಎನ್ನಿಸಿದಲ್ಲಿ ಒಂದು ಸೊನ್ನೆ. ವಾಕ್ಯವನ್ನು ನಾನಾಗಿ ಬದಲಿಸುವುದಿಲ್ಲ. ಕಾಗುಣಿತದ ತಪ್ಪುಗಳನ್ನು ಮೊದಲ ಎರಡು ಪುಟಗಳಲ್ಲಿ ಮಾತ್ರ ತೋರಿಸುತ್ತೇನೆ. ‘ಅ’ಕಾರ ‘ಹ’ಕಾರಗಳ, ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲ ಒಬ್ಬೊಬ್ಬರಲ್ಲಿ ಒಂದೇ ಬಗೆಯದ್ದಾಗಿರುತ್ತದೆ, ಉಳಿದ ಪುಟಗಳಲ್ಲಿ ಅದನ್ನು ಅವರೇ ಹುಡುಕಬಲ್ಲರು. ಇಡೀ ಪ್ರಬಂಧದಲ್ಲಿ ಒಂದೇ ಒಂದು ಪ್ಯಾರಾವನ್ನು ಪಕ್ಕದಲ್ಲಿ ಕೂತು ಒಟ್ಟಿಗೆ ತಿದ್ದುತ್ತೇನೆ, ಪ್ರತಿ ಬದಲಾವಣೆಗೂ ಕಾರಣ ಹೇಳುತ್ತಾ, ಅವನು ಒಪ್ಪದಿದ್ದರೆ ಹಾಗೆಯೇ ಬಿಡುತ್ತಾ. ಬರೆಸುವ ಕ್ರಮವನ್ನೂ ತಿರುಗಿಸಿದ್ದೇನೆ. ತಾನು ಕಂಡದ್ದನ್ನು, ಎಣಿಸಿದ್ದನ್ನು ಹೇಳುವ ಅಧ್ಯಾಯ ಮೊದಲು. ಪೀಠಿಕೆ ಎಲ್ಲಕ್ಕಿಂತ ಕೊನೆಗೆ. ಪೀಠಿಕೆಯಿಂದ ಶುರು ಮಾಡಿದವರು ‘ಅನಾದಿ ಕಾಲದಿಂದಲೂ ಮಾನವನು’ ಎಂದು ಬರೆದು ಅಲ್ಲಿಯೇ ಒಂದು ತಿಂಗಳು ಕಳೆಯುತ್ತಾರೆ.

ಒಂದು ನಿಯಮ ನಮಗೂ ಇರಬೇಕು. ಕೈಗೆ ಬಂದ ಪುಟಗಳನ್ನು ಒಂದು ವಾರದೊಳಗೆ ಹಿಂದಿರುಗಿಸದ ಗೈಡ್‌ಗೆ ವಿದ್ಯಾರ್ಥಿಯ ಗಡುವಿನ ಬಗ್ಗೆ ಮಾತನಾಡುವ ಹಕ್ಕಿಲ್ಲ. ನಾವು ತಡ ಮಾಡಿದ ವಾರಗಳೇ ಕೊನೆಗೆ ಒಟ್ಟುಗೂಡಿ, ಸ್ಪೈರಲ್ ಬೈಂಡಿಂಗಿನ ಹಿಂದಿನ ರಾತ್ರಿ ‘ನೀವೇ ಬರೆದುಕೊಟ್ಟುಬಿಡಿ ಸರ್’ ಎಂಬ ಬೇಡಿಕೆಯಾಗಿ ಬರುತ್ತವೆ, ಮತ್ತು ಆ ಹೊತ್ತಿನಲ್ಲಿ ಬರೆದುಕೊಡದೆ ಬೇರೆ ದಾರಿ ಕಾಣುವುದಿಲ್ಲ.

ಅಂಕದ ಮಾತು. ಹೌದು, ನಿಮ್ಮ ವಿದ್ಯಾರ್ಥಿಗೆ ನಾಲ್ಕೋ ಐದೋ ಅಂಕ ಕಡಿಮೆ ಬರಬಹುದು, ಅದನ್ನು ಮುಚ್ಚಿಡಬೇಡಿ. ಮೊದಲ ಭೇಟಿಯಲ್ಲಿಯೇ ಹೇಳಿ: ‘ನಾನು ಬರೆದುಕೊಡುವುದಿಲ್ಲ, ಆದರೆ ನೀನು ಬರೆದದ್ದನ್ನೆಲ್ಲ ಓದುತ್ತೇನೆ.’ ವೈವಾಕ್ಕೆ ಹೋಗುವಾಗ ಅವನ ಕ್ಷೇತ್ರಕಾರ್ಯದ ನೋಟ್‌ಬುಕ್ಕನ್ನು ಬೈಂಡ್ ಮಾಡಿದ ಪ್ರತಿಯ ಪಕ್ಕದಲ್ಲಿಯೇ ಪರೀಕ್ಷಕರ ಮುಂದೆ ಇಡಿಸಿ. ಪರೀಕ್ಷಕನಾಗಿ ಬೇರೆ ಕಾಲೇಜುಗಳಿಗೆ ಹೋದಾಗ, ನೋಟ್‌ಬುಕ್ ಇದ್ದ ಕಡೆ ನಾನು ಮೊದಲು ತೆರೆದದ್ದು ಅದನ್ನೇ. ಅದರ ಪುಟ ತಿರುವಿ ‘ಈ ಮನೆಯವರು ಹೀಗೆ ಏಕೆ ಹೇಳಿದರು?’ ಎಂದು ಕೇಳಿದರೆ, ಒಡ್ಡು ಕನ್ನಡದಲ್ಲಿ ಬರೆದ ಹುಡುಗರು ಹತ್ತು ನಿಮಿಷ ನಿಲ್ಲಿಸದೆ ಮಾತನಾಡಿದ್ದಾರೆ.